ಓದಿಗೂ ಒಂದು ಪಿರಿಯಡ್ ಕೊಡಿ

ಎಂಟನೇ ತರಗತಿಯ ಕನ್ನಡ ಪಿರಿಯಡ್‌ನಲ್ಲಿ ಓದು ಹೇಗೆ ನಡೆಯುತ್ತದೆ ಎಂಬುದು ನಮಗೆಲ್ಲ ಗೊತ್ತು. ಮೊದಲ ಬೆಂಚಿನ ಹುಡುಗಿ ಎದ್ದು ನಿಂತು ಒಂದು ಪ್ಯಾರಾ ಓದುತ್ತಾಳೆ. ಅವಳು ಕೂತ ಮೇಲೆ ಪಕ್ಕದವಳ ಸರದಿ. ಹಿಂದಿನ ಬೆಂಚಿನವರು ತಮ್ಮ ಪಾಲಿಗೆ ಯಾವ ಪ್ಯಾರಾ ಬರುತ್ತದೆಂದು ಎಣಿಸಿಕೊಂಡು ಅದನ್ನಷ್ಟೇ ಬಾಯಲ್ಲಿ ಉರುಳಿಸುತ್ತಿರುತ್ತಾರೆ. ಆಮೇಲೆ ಶಿಕ್ಷಕರು ಅರ್ಥ ಹೇಳುತ್ತಾರೆ, ಪ್ರಶ್ನೋತ್ತರ ಬರೆಸುತ್ತಾರೆ. ಉತ್ತರಕ್ಕೆ ಗೈಡ್ ಇದ್ದೇ ಇದೆ. ತಾನೇ ಆರಿಸಿಕೊಂಡು, ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದಿದ ಪುಸ್ತಕ ಒಂದೂ ಇಲ್ಲದೆ ವಿದ್ಯಾರ್ಥಿಯೊಬ್ಬ ಎಸ್ಸೆಸ್ಸೆಲ್ಸಿ ದಾಟಿಬಿಡಬಹುದು. ಪ್ರಥಮ ಭಾಷೆ ಕನ್ನಡದಲ್ಲಿ 125ಕ್ಕೆ 120 ಅಂಕವನ್ನೂ ತೆಗೆಯಬಹುದು.

ಇದಕ್ಕೆ ಕನ್ನಡ ಮೇಷ್ಟ್ರನ್ನು ದೂರಿ ಫಲವಿಲ್ಲ. ಶಾಲೆಯ ವೇಳಾಪಟ್ಟಿಯಲ್ಲಿ ಪಾಠಕ್ಕೆ ಜಾಗವಿದೆ, ವ್ಯಾಕರಣಕ್ಕೆ ಜಾಗವಿದೆ, ಕಿರುಪರೀಕ್ಷೆಗೆ ಜಾಗವಿದೆ. ಮಕ್ಕಳು ಸುಮ್ಮನೆ ಕೂತು ಒಂದು ಪುಸ್ತಕ ಓದುವುದಕ್ಕೆ ಮಾತ್ರ ಜಾಗವಿಲ್ಲ. ಓದುವ ಅಭ್ಯಾಸ ಮನೆಯಲ್ಲಿ ಆಗಲಿ ಎಂದು ಶಾಲೆ ಅಂದುಕೊಳ್ಳುತ್ತದೆ. ಶಾಲೆಯಲ್ಲಿ ಆಗುತ್ತದೆ ಬಿಡಿ ಎಂದು ಮನೆಯವರು ಅಂದುಕೊಳ್ಳುತ್ತಾರೆ. ಪಠ್ಯಪುಸ್ತಕ ಬಿಟ್ಟರೆ ಬೇರೊಂದು ಪುಸ್ತಕ ಕಾಣದ ಮನೆಯಿಂದ ಬರುವ ಮಗುವಿಗೆ ಈ ಎರಡರ ನಡುವೆ ಓದು ಕೈತಪ್ಪಿ ಹೋಗುತ್ತದೆ. ಐದನೇ ತರಗತಿಯವರೆಗೆ ಅಕ್ಷರ, ಕಾಗುಣಿತ, ಒತ್ತಕ್ಷರ ಕಲಿತದ್ದು ಯಾತಕ್ಕಾಗಿಯೋ ಆ ಕೆಲಸ ಆರನೇ ತರಗತಿಯಿಂದ ಶುರುವಾಗಬೇಕು. ನಮ್ಮಲ್ಲಿ ಓದು ನಿಲ್ಲುವುದು ಅಲ್ಲೇ.

ಎಷ್ಟು ಮಕ್ಕಳ ಮಾತಿದು? 2024ರ ಜನವರಿಯಲ್ಲಿ ಹೊರಬಂದ ‘ಅಸರ್ 2023’ ವರದಿ ಗ್ರಾಮೀಣ ಭಾರತದ 14ರಿಂದ 18 ವರ್ಷದವರನ್ನು ನೋಡಿತ್ತು. 26 ರಾಜ್ಯಗಳ 28 ಜಿಲ್ಲೆಗಳಲ್ಲಿ ನಡೆದ ಆ ಸಮೀಕ್ಷೆಯಲ್ಲಿ ಸುಮಾರು ಶೇ 25ರಷ್ಟು ಮಂದಿಗೆ ತಮ್ಮ ಪ್ರಾದೇಶಿಕ ಭಾಷೆಯಲ್ಲಿ ಎರಡನೇ ತರಗತಿಯ ಮಟ್ಟದ ಪಠ್ಯವನ್ನು ಸರಾಗವಾಗಿ ಓದಲು ಆಗಲಿಲ್ಲ. ಇದು ಓದಲು ಬಾರದವರ ಲೆಕ್ಕ. ಓದಲು ಬಂದೂ ಓದದವರ ಲೆಕ್ಕ ಇದರಾಚೆಗಿದೆ. ಈ ಎರಡೂ ಗುಂಪಿನ ಮಕ್ಕಳು ಒಂದೇ ಕೋಣೆಯಲ್ಲಿ, ಒಂದೇ ಶಿಕ್ಷಕರ ಮುಂದೆ ಕೂತಿರುತ್ತಾರೆ. ಅವರಿಬ್ಬರಿಗೂ ಒದಗುವಂಥ ಒಂದು ವ್ಯವಸ್ಥೆ ಇದೆ: ತರಗತಿಯೊಳಗೇ ನಡೆಯುವ ಓದಿನ ಕಮ್ಮಟ.

ಕಮ್ಮಟ ಎಂದೊಡನೆ ನಮ್ಮ ಕಣ್ಣಿಗೆ ಬರುವುದು ಎರಡು ದಿನದ ಶಿಬಿರ, ಸಂಪನ್ಮೂಲ ವ್ಯಕ್ತಿ, ಬ್ಯಾನರ್, ಸಮಾರೋಪ ಭಾಷಣ. ಇಲ್ಲಿ ಹೇಳುತ್ತಿರುವುದು ಅದಲ್ಲ. ಇದು ವಾರವಾರವೂ, ವರ್ಷವಿಡೀ, ಅದೇ ತರಗತಿಯಲ್ಲಿ ಅದೇ ಶಿಕ್ಷಕರು ನಡೆಸುವ ಪಿರಿಯಡ್. ಅದಕ್ಕೊಂದು ಕ್ರಮವಿದೆ, ನಿಯಮವಿದೆ, ಕಲಿಸುವ ವಿಷಯವೂ ಇದೆ.

ಮೇನ್ ರಾಜ್ಯದ ಒಂದು ತರಗತಿ

ಅಮೆರಿಕದ ಈಶಾನ್ಯ ಮೂಲೆಯಲ್ಲಿರುವ ಮೇನ್ ರಾಜ್ಯದಲ್ಲಿ ಬೂತ್‌ಬೇ ಹಾರ್ಬರ್ ಎಂಬ ಕಡಲತೀರದ ಪುಟ್ಟ ಊರಿದೆ. ಅಲ್ಲಿ ಎಂಟನೇ ತರಗತಿಗೆ ಇಂಗ್ಲಿಷ್ ಕಲಿಸುತ್ತಿದ್ದ ನ್ಯಾನ್ಸಿ ಆಟ್‌ವೆಲ್ ತಮ್ಮ ತರಗತಿಯನ್ನೂ ತಮ್ಮ ಮನೆಯನ್ನೂ ಹೋಲಿಸಿ ನೋಡಿದರು. ಮನೆಯ ಊಟದ ಮೇಜಿನ ಸುತ್ತ ಅವರೂ ಅವರ ಮನೆಯವರೂ ಸ್ನೇಹಿತರೂ ಕೂತು ಪುಸ್ತಕಗಳ ಬಗ್ಗೆ ಹರಟುತ್ತಿದ್ದರು, ಜಗಳವಾಡುತ್ತಿದ್ದರು, ಒಬ್ಬರ ಕೈಯಿಂದ ಇನ್ನೊಬ್ಬರು ಪುಸ್ತಕ ಕಿತ್ತುಕೊಳ್ಳುತ್ತಿದ್ದರು. ತರಗತಿಯಲ್ಲಾದರೋ ಶಿಕ್ಷಕಿ ಆರಿಸಿದ ಪಾಠ, ಶಿಕ್ಷಕಿ ಕೇಳುವ ಪ್ರಶ್ನೆ, ಶಿಕ್ಷಕಿಗೆ ಬೇಕಾದ ಉತ್ತರ. ಓದುಬರಹ ಬಲ್ಲ ದೊಡ್ಡವರು ಹೇಗೆ ಓದುತ್ತಾರೋ ಹಾಗೆ ಓದಲು ಮಕ್ಕಳಿಗೆ ಅವಕಾಶವೇ ಇಲ್ಲವಲ್ಲ ಎಂದು ಅವರಿಗೆ ಅನಿಸಿತು. ತರಗತಿಯನ್ನು ಇಂಥ ಓದಿನ ಕಮ್ಮಟವಾಗಿ ಬದಲಿಸಿದರು. 1987ರಲ್ಲಿ ಬಂದ ಅವರ ‘ಇನ್ ದ ಮಿಡಲ್’ ಆ ಬದಲಾವಣೆಯ ಕಥೆ. ಆರರಿಂದ ಎಂಟನೇ ತರಗತಿಯ ಭಾಷಾ ಶಿಕ್ಷಕರಿಗೆ ಅದು ಕೈಪಿಡಿಯೇ ಆಯಿತು.

1990ರಲ್ಲಿ ಆಟ್‌ವೆಲ್ ಅದೇ ರಾಜ್ಯದ ಎಜ್‌ಕೂಂಬ್‌ನಲ್ಲಿ ‘ಸೆಂಟರ್ ಫಾರ್ ಟೀಚಿಂಗ್ ಆ್ಯಂಡ್ ಲರ್ನಿಂಗ್’ ಎಂಬ ಶಾಲೆ ಕಟ್ಟಿದರು. ಅಲ್ಲಿನ ಮಕ್ಕಳು ವರ್ಷಕ್ಕೆ ಸರಾಸರಿ 40 ಪುಸ್ತಕ ಓದುತ್ತಿದ್ದರು. 2015ರಲ್ಲಿ ದುಬೈನಲ್ಲಿ ಮೊದಲ ಬಾರಿಗೆ ಕೊಟ್ಟ ಜಾಗತಿಕ ಶಿಕ್ಷಕ ಪ್ರಶಸ್ತಿ ಅವರಿಗೇ ಬಂತು. ಪ್ರಶಸ್ತಿಯ 10 ಲಕ್ಷ ಡಾಲರ್ ಹಣವನ್ನು ಅವರು ಶಾಲೆಗೇ ಕೊಟ್ಟರು.

ಅವರ ಕ್ರಮದ ತಿರುಳು ನಾಲ್ಕು ಸಂಗತಿಗಳಲ್ಲಿದೆ. ಪುಸ್ತಕ ಆರಿಸುವ ಹಕ್ಕು ಮಗುವಿನದು. ಓದುವ ಸಮಯ ಶಾಲೆಯದು. ಅದನ್ನು ಬೇರೆ ಯಾವ ಕೆಲಸಕ್ಕೂ ಕಡ ಕೊಡುವಂತಿಲ್ಲ. ಓದಿದ್ದರ ಬಗ್ಗೆ ಮಾತು, ಬರಹ ಇರಬೇಕು. ಆದರೆ ಅದು ಪರೀಕ್ಷೆಯಂತೆ ಇರಬಾರದು. ಕೊನೆಯದಾಗಿ, ಶಿಕ್ಷಕರು ಓದುಗರಾಗಿರಬೇಕು. ಮಕ್ಕಳ ಪುಸ್ತಕಗಳನ್ನು ತಾವೂ ಓದಿ, ‘ಇದನ್ನು ನೀನು ಓದಲೇಬೇಕು’ ಎಂದು ಹೇಳಬಲ್ಲವರಾಗಿರಬೇಕು.

ನಲವತ್ತು ನಿಮಿಷದ ಲೆಕ್ಕ

ನಮ್ಮ ಶಾಲೆಗಳಲ್ಲಿ ಒಂದು ಪಿರಿಯಡ್ ಎಂದರೆ 40ರಿಂದ 45 ನಿಮಿಷ. ಅಷ್ಟರಲ್ಲಿ ಇದು ಹೀಗೆ ಹಿಡಿಸುತ್ತದೆ.

ಮೊದಲ ನಾಲ್ಕೈದು ನಿಮಿಷ ಪುಸ್ತಕದ ಪರಿಚಯ. ಶಿಕ್ಷಕರೋ ವಿದ್ಯಾರ್ಥಿಯೋ ತಾನು ಓದಿದ ಒಂದು ಪುಸ್ತಕವನ್ನು ಕೈಯಲ್ಲಿ ಹಿಡಿದು, ಅದು ಏನು, ಯಾರಿಗೆ ಹಿಡಿಸೀತು ಎಂದು ಹೇಳಿ, ಅರ್ಧ ಪುಟ ಓದಿ, ಕುತೂಹಲದ ಜಾಗದಲ್ಲಿ ನಿಲ್ಲಿಸುವುದು. ಆ ಪುಸ್ತಕಕ್ಕೆ ಅಂದೇ ಮೂರು ಜನ ಸಾಲು ನಿಲ್ಲುತ್ತಾರೆ.

ಆಮೇಲೆ ಏಳೆಂಟು ನಿಮಿಷದ ಕಿರುಪಾಠ. ಓದುಗರಿಗೆ ಬೇಕಾದ ಒಂದೇ ಒಂದು ಉಪಾಯ ಅಥವಾ ವಿಚಾರವನ್ನು ಇಡೀ ತರಗತಿಗೆ ಕಲಿಸುವ ಹೊತ್ತು ಅದು.

ನಂತರ ಎರಡು ಮೂರು ನಿಮಿಷದಲ್ಲಿ ಪುಟದ ಹಾಜರಿ. ಹೆಸರು ಕೂಗಿದಂತೆ ಪ್ರತಿ ಮಗು ತನ್ನ ಪುಸ್ತಕ ಮತ್ತು ತಾನು ತಲುಪಿದ ಪುಟ ಹೇಳುತ್ತದೆ, ಶಿಕ್ಷಕರು ಬರೆದುಕೊಳ್ಳುತ್ತಾರೆ. ಈ ಪಟ್ಟಿ ಬಹಳ ಮಾತಾಡುತ್ತದೆ. ಮೂರು ವಾರದಿಂದ 30ನೇ ಪುಟದಲ್ಲೇ ನಿಂತವರು ಯಾರು, ಪ್ರತಿ ಸಲ ಹೊಸ ಪುಸ್ತಕ ಹಿಡಿದು ಯಾವುದನ್ನೂ ಮುಗಿಸದವರು ಯಾರು, ಎರಡು ದಿನದಲ್ಲಿ 100 ಪುಟ ದಾಟಿದವರು ಯಾರು ಎಂಬುದು ಯಾವ ಪರೀಕ್ಷೆಯೂ ಇಲ್ಲದೆ ಗೊತ್ತಾಗುತ್ತದೆ.

ಆಮೇಲಿನ 20 ನಿಮಿಷ ಮೌನ ಓದು. ಇದು ಪಿರಿಯಡ್‌ನ ಹೃದಯ. ಎಲ್ಲರೂ ಓದಬೇಕು, ಪುಸ್ತಕವನ್ನೇ ಓದಬೇಕು, ಬೇರೆಯವರ ಓದಿಗೆ ಅಡ್ಡಿ ಮಾಡಬಾರದು. ಇಷ್ಟೇ ನಿಯಮ. ಈ ಹೊತ್ತಿನಲ್ಲಿ ಶಿಕ್ಷಕರು ನೋಟ್ಸ್ ತಿದ್ದುತ್ತ ಕೂರುವಂತಿಲ್ಲ. ಮೊದಲ ಐದು ನಿಮಿಷ ತಾವೂ ಓದಿ, ಆಮೇಲೆ ಒಬ್ಬೊಬ್ಬರ ಪಕ್ಕ ಕೂತು ಪಿಸುಮಾತಿನಲ್ಲಿ ಮಾತಾಡಬೇಕು. ಕೊನೆಯ ನಾಲ್ಕೈದು ನಿಮಿಷದಲ್ಲಿ ಇಬ್ಬರೋ ಮೂವರೋ ಅಂದು ಓದಿದ್ದರಲ್ಲಿ ಹೇಳಬೇಕೆನಿಸಿದ್ದನ್ನು ಹೇಳಿದರೆ ಪಿರಿಯಡ್ ಮುಗಿಯಿತು.

ಮನೆಗೆಲಸವೂ ಓದೇ. ಆಟ್‌ವೆಲ್ ತಮ್ಮ ಮಕ್ಕಳಿಗೆ ದಿನಾ ರಾತ್ರಿ ಅರ್ಧ ಗಂಟೆ ಓದುವ ಹೋಂವರ್ಕ್ ಕೊಡುತ್ತಿದ್ದರು. ತರಗತಿಯಲ್ಲಿ ಹಿಡಿದ ಕಥೆ ಮನೆಗೂ ಮಗುವನ್ನು ಎಳೆದುಕೊಂಡು ಹೋಗಬೇಕು ಎಂಬುದು ಅದರ ಲೆಕ್ಕ.

ಕಿರುಪಾಠದಲ್ಲಿ ಏನು ಕಲಿಸುವುದು

ಕಮ್ಮಟವೆಂದರೆ ಮಕ್ಕಳನ್ನು ಓದಲು ಬಿಟ್ಟು ಸುಮ್ಮನಿರುವುದು ಎಂದು ತಿಳಿದವರಿದ್ದಾರೆ. ಕಿರುಪಾಠವಿಲ್ಲದ, ಮಾತುಕತೆಯಿಲ್ಲದ ಓದಿನ ಪಿರಿಯಡ್ ಕಮ್ಮಟವಾಗುವುದಿಲ್ಲ. ಕನ್ನಡದಲ್ಲಿ ಕಿರುಪಾಠಕ್ಕೆ ವಿಷಯಗಳಿಗೇನೂ ಬರವಿಲ್ಲ.

ಮೊದಲ ವಾರಗಳ ಪಾಠಗಳು ಪುಸ್ತಕ ಆರಿಸುವುದರ ಬಗ್ಗೆ. ಬೆನ್ನುಪುಟ ಓದಿ, ಮೊದಲ ಎರಡು ಪುಟ ಓದಿ, ನಡುವಿನ ಒಂದು ಪುಟ ತೆರೆದು ನೋಡುವುದು. ಪುಟಕ್ಕೆ ಐದಾರು ಅರ್ಥವಾಗದ ಪದ ಸಿಕ್ಕರೆ ಸದ್ಯಕ್ಕೆ ಆ ಪುಸ್ತಕ ಕಷ್ಟ ಎಂದು ತಿಳಿಯುವುದು. ಹಿಡಿಸದ ಪುಸ್ತಕವನ್ನು ಅರ್ಧಕ್ಕೆ ಬಿಡಬಹುದು ಎಂಬುದನ್ನೂ ಹೇಳಿಕೊಡಬೇಕು. ಫ್ರಾನ್ಸ್‌ನ ಶಿಕ್ಷಕ, ಲೇಖಕ ಡೇನಿಯಲ್ ಪೆನಾಕ್ 1992ರಲ್ಲಿ ಓದುಗರ ಹತ್ತು ಹಕ್ಕುಗಳನ್ನು ಪಟ್ಟಿ ಮಾಡಿದಾಗ ಪುಸ್ತಕವನ್ನು ಮುಗಿಸದೆ ಬಿಡುವ ಹಕ್ಕನ್ನೂ ಅದರಲ್ಲಿ ಸೇರಿಸಿದ್ದರು. ಬಿಡುವ ಸ್ವಾತಂತ್ರ್ಯವಿದ್ದಾಗ ಹಿಡಿಯುವ ಧೈರ್ಯ ಬರುತ್ತದೆ.

ಇನ್ನು ಭಾಷೆಯ ಪಾಠ. ಕನ್ನಡದ ಪದ ಪ್ರತ್ಯಯದ ಮೇಲೆ ಪ್ರತ್ಯಯ ಸೇರಿ ಉದ್ದವಾಗುತ್ತದೆ. ‘ಹೊರಟುಹೋಗಬೇಕಾಗಿದ್ದವರಿಗೂ’ ಎಂಬ ಒಂದೇ ಪದ ಆರನೇ ತರಗತಿಯ ಓದುಗನ ಉಸಿರು ಕಟ್ಟಿಸುತ್ತದೆ. ಅದನ್ನು ಬೋರ್ಡಿನ ಮೇಲೆ ಬರೆದು, ಹೊರಟು, ಹೋಗ, ಬೇಕಾಗಿ, ಇದ್ದವರಿಗೂ ಎಂದು ಬಿಡಿಸಿ ತೋರಿಸಿದರೆ ಕಣ್ಣಿಗೆ ದಾರಿ ಸಿಗುತ್ತದೆ. ಸಂಧಿಯನ್ನು ಪರೀಕ್ಷೆಗೆಂದು ಬಿಡಿಸುವ ಮಗು ಅದೇ ವಿದ್ಯೆಯನ್ನು ಓದುವಾಗ ಬಳಸುವುದಿಲ್ಲ. ಬಳಸಬಹುದು ಎಂದು ಯಾರೂ ತೋರಿಸಿರುವುದಿಲ್ಲ.

ಆಡುಮಾತಿನ ಪಾಠ ಇನ್ನೊಂದು. ಕಲಬುರಗಿಯ ಮಗುವಿಗೆ ವೈದೇಹಿಯವರ ಕುಂದಾಪುರ ಕನ್ನಡ ಹೊಸದು. ಉಡುಪಿಯ ಮಗುವಿಗೆ ದೇವನೂರ ಮಹಾದೇವರ ‘ಒಡಲಾಳ’ದ ಮಾತು ಹೊಸದು. ಹತ್ತನೇ ತರಗತಿಯವರಿಗೂ ಆ ಅಕ್ಷರಗಳು ಕಣ್ಣಿಗೆ ತೊಡಕು. ಶಿಕ್ಷಕರು ಒಂದು ಪುಟವನ್ನು ಗಟ್ಟಿಯಾಗಿ, ಮಾತಾಡುವ ಲಯದಲ್ಲಿ ಓದಿದರೆ ಕಣ್ಣು ಎಡವಿದ್ದನ್ನು ಕಿವಿ ಹಿಡಿಯುತ್ತದೆ. ಆಮೇಲೆ ಅವರೇ ಮುಂದುವರಿಸುತ್ತಾರೆ.

ಕಥನದ ಪಾಠಕ್ಕೆ ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ಗಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ. 1980ರಲ್ಲಿ ಬಂದ ಈ ಕಾದಂಬರಿಯನ್ನು ಕೃಷಿಕನಾದ ನಿರೂಪಕನೇ ‘ನಾನು’ ಎಂದು ಹೇಳುತ್ತಾನೆ. ಅವನ ಕಣ್ಣಿಗೆ ಮಂದಣ್ಣ ಉಡಾಫೆಯ ಹಳ್ಳಿ ಹುಡುಗ. ವಿಜ್ಞಾನಿ ಕರ್ವಾಲೊಗೆ ಅದೇ ಮಂದಣ್ಣ ಹುಟ್ಟು ನಿಸರ್ಗತಜ್ಞ. ‘ನಾವು ಮಂದಣ್ಣನನ್ನು ಯಾರ ಕಣ್ಣಿನಿಂದ ನೋಡುತ್ತಿದ್ದೇವೆ? ಎಲ್ಲಿಂದ ನಮ್ಮ ಅಭಿಪ್ರಾಯ ಬದಲಾಯಿತು?’ ಈ ಎರಡು ಪ್ರಶ್ನೆ ಹಾಕಿ ಏಳು ನಿಮಿಷ ಮಾತಾಡಿದರೆ ಸಾಕು. ಅಂದು ಬೇರೆ ಬೇರೆ ಪುಸ್ತಕ ಓದುತ್ತಿರುವ ಎಲ್ಲರೂ ತಮ್ಮ ತಮ್ಮ ಕಥೆಯನ್ನು ಹೇಳುತ್ತಿರುವವರು ಯಾರೆಂದು ಗಮನಿಸತೊಡಗುತ್ತಾರೆ. ಒಂದು ಪಾಠ, ನಲವತ್ತು ಪುಸ್ತಕ. ಕಿರುಪಾಠ ಕೆಲಸ ಮಾಡುವ ರೀತಿ ಇದು.

ಪಕ್ಕ ಕೂತು ಆಡುವ ಮಾತು

ತರಗತಿಯಲ್ಲಿ 45 ಮಕ್ಕಳಿದ್ದಾರೆ ಎಂದುಕೊಳ್ಳಿ. ಒಂದು ಪಿರಿಯಡ್‌ನಲ್ಲಿ ಐದು ಮಕ್ಕಳ ಪಕ್ಕ ಮೂರು ಮೂರು ನಿಮಿಷ ಕೂರಬಹುದು. ವಾರಕ್ಕೆ ಎರಡು ಪಿರಿಯಡ್ ಇದ್ದರೆ ಸುಮಾರು ತಿಂಗಳಿಗೊಮ್ಮೆ ಪ್ರತಿ ಮಗುವಿನ ಜೊತೆ ಪುಸ್ತಕದ ಮಾತು ಆಗುತ್ತದೆ. ತಿಂಗಳಿಗೊಮ್ಮೆ ಎಂದರೆ ಕಡಿಮೆ ಎನಿಸಬಹುದು. ಆದರೆ ಇಡೀ ವರ್ಷದಲ್ಲಿ ಒಮ್ಮೆಯೂ ಶಿಕ್ಷಕರು ಪಕ್ಕ ಕೂತು ‘ನಿನಗೆ ಇದು ಹೇಗನಿಸಿತು’ ಎಂದು ಕೇಳದೆ ಶಾಲೆ ಮುಗಿಸುವ ಮಕ್ಕಳೇ ಹೆಚ್ಚು.

ಕೇಳುವ ಪ್ರಶ್ನೆ ಮುಖ್ಯ. ‘ನಾಯಕನ ಗುಣಗಳೇನು?’ ಎಂದರೆ ಮಗು ಗೈಡಿನ ಭಾಷೆಗೆ ಜಾರುತ್ತದೆ. ‘ಕಥೆ ಎಲ್ಲಿಗೆ ಬಂತು? ಯಾರ ಮೇಲೆ ಸಿಟ್ಟು ಬಂತು? ಎಲ್ಲಿ ಬೇಜಾರಾಯಿತು? ಈ ಸಾಲು ಓದಿ ತೋರಿಸು ನೋಡೋಣ’ ಎಂದರೆ ಮಗು ತನ್ನ ಮಾತಿನಲ್ಲಿ ಉತ್ತರಿಸುತ್ತದೆ. ಲೂಯೀಸ್ ರೋಸೆನ್‌ಬ್ಲಾಟ್ ಎಂಬ ಅಮೆರಿಕದ ವಿದ್ವಾಂಸೆ 1938ರಷ್ಟು ಹಿಂದೆಯೇ ಈ ವಿಚಾರವನ್ನು ಮುಂದಿಟ್ಟಿದ್ದರು. ಸಾಹಿತ್ಯದ ಅರ್ಥ ಪುಟದ ಮೇಲೆ ಸಿದ್ಧವಾಗಿ ಕೂತಿರುವುದಿಲ್ಲ, ಓದುವವರ ಬದುಕೂ ಪುಸ್ತಕವೂ ಸೇರಿದಾಗ ಮೂಡುತ್ತದೆ ಎಂಬುದು ಅವರ ವಾದ. ಮಾಹಿತಿಗಾಗಿ ಓದುವುದೂ ಅನುಭವಕ್ಕಾಗಿ ಓದುವುದೂ ಬೇರೆ ಬೇರೆ ಎಂದೂ ಅವರು ಆಮೇಲೆ ವಿವರಿಸಿದರು. ನಮ್ಮ ಪ್ರಶ್ನೋತ್ತರಗಳು ಕಥೆ ಕವಿತೆಗಳನ್ನೂ ಮಾಹಿತಿಗಾಗಿಯೇ ಓದಿಸುತ್ತವೆ. ಪಕ್ಕ ಕೂತು ಆಡುವ ಮಾತು ಆ ದೋಷವನ್ನು ಸರಿಪಡಿಸುತ್ತದೆ.

ಇದರ ಜೊತೆಗೆ ಓದಿನ ಪತ್ರ. ಆಟ್‌ವೆಲ್ ತರಗತಿಯ ಮಕ್ಕಳು ತಾವು ಓದಿದ ಪುಸ್ತಕದ ಬಗ್ಗೆ ಶಿಕ್ಷಕಿಗೂ ಸಹಪಾಠಿಗಳಿಗೂ ಪತ್ರ ಬರೆಯುತ್ತಿದ್ದರು. ಅವರು ಉತ್ತರ ಬರೆಯುತ್ತಿದ್ದರು. ನಮ್ಮ ಮಕ್ಕಳು ಪರೀಕ್ಷೆಗೆಂದು ಬರೆಯುವ ಪತ್ರದಲ್ಲಿ ‘ನಾನು ಕ್ಷೇಮ, ನಿಮ್ಮ ಕ್ಷೇಮಕ್ಕೆ ಪತ್ರ ಬರೆಯಿರಿ’ ಎಂಬುದರಾಚೆ ಜೀವವಿರುವುದಿಲ್ಲ, ಏಕೆಂದರೆ ಅದನ್ನು ಓದಿ ಉತ್ತರಿಸುವ ತಂದೆಯೋ ಗೆಳೆಯನೋ ನಿಜವಾಗಿ ಇಲ್ಲ. ಮೂರು ವಾರಕ್ಕೊಮ್ಮೆ ಒಂದು ಪುಟದ ಪತ್ರ, ಅದಕ್ಕೆ ಶಿಕ್ಷಕರಿಂದ ಮೂರು ಸಾಲಿನ ಉತ್ತರ. ಆ ಉತ್ತರದಲ್ಲಿ ಕಾಗುಣಿತ ತಿದ್ದಬೇಡಿ, ಪುಸ್ತಕದ ಬಗ್ಗೆ ಬರೆಯಿರಿ.

ಯಾವ ಪುಸ್ತಕ, ಎಲ್ಲಿಂದ

ಪುಸ್ತಕ ಮಕ್ಕಳಿಗೆ ತಮ್ಮ ಬದುಕನ್ನು ತೋರಿಸುವ ಕನ್ನಡಿಯೂ ಆಗಬೇಕು, ಬೇರೆಯವರ ಬದುಕನ್ನು ತೋರಿಸುವ ಕಿಟಕಿಯೂ ಆಗಬೇಕು ಎಂದು 1990ರಲ್ಲಿ ಅಮೆರಿಕದ ರುಡೀನ್ ಸಿಮ್ಸ್ ಬಿಷಪ್ ಹೇಳಿದರು. ಶರಾವತಿ ಕಣಿವೆಯ ಮುಳುಗಡೆಯನ್ನು ಮತ್ತೆ ಮತ್ತೆ ಬರೆದ ನಾ. ಡಿಸೋಜ ಅವರ ಮಕ್ಕಳ ಕಾದಂಬರಿ ‘ಮುಳುಗಡೆಯ ಊರಿಗೆ ಬಂದವರು’ 2011ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಬಾಲ ಸಾಹಿತ್ಯ ಪುರಸ್ಕಾರ ಪಡೆಯಿತು. ಸಾಗರದ ಮಗುವಿಗೆ ಅದು ತನ್ನ ಅಜ್ಜಿಯ ಕಥೆ. ಆಲಮಟ್ಟಿ ಹಿನ್ನೀರಿಗೆ ಊರು ಕಳೆದುಕೊಂಡ ಬಾಗಲಕೋಟೆಯ ಮಗುವಿಗೂ ಅದು ತನ್ನದೇ ಕಥೆ. ಬಳ್ಳಾರಿಯ ಮಗುವಿಗೆ ಹೊಸ ಲೋಕ.

ಕನ್ನಡದಲ್ಲಿ ಈ ವಯಸ್ಸಿನವರಿಗೆ ಪುಸ್ತಕವಿಲ್ಲ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಇತ್ತೀಚಿನ ವರ್ಷಗಳಲ್ಲಿ ಬಾಲ ಸಾಹಿತ್ಯ ಪುರಸ್ಕಾರ ಪಡೆದ ತಮ್ಮಣ್ಣ ಬೀಗಾರರ ‘ಬಾವಲಿ ಗುಹೆ’, ವಿಜಯಶ್ರೀ ಹಾಲಾಡಿಯವರ ‘ಸೂರಕ್ಕಿ ಗೇಟ್’, ಕೃಷ್ಣಮೂರ್ತಿ ಬಿಳಿಗೆರೆಯವರ ‘ಛೂಮಂತ್ರಯ್ಯನ ಕಥೆಗಳು’ ಇವೆ. ಗಾಂಧಿಯನ್ನು ಮಕ್ಕಳಿಗೆ ಹೇಳುವ ಬೊಳುವಾರು ಮಹಮದ್ ಕುಂಞಿ ಅವರ ‘ಪಾಪು ಗಾಂಧಿ, ಗಾಂಧಿ ಬಾಪು ಆದ ಕಥೆ’ ಇದೆ. ದಪ್ಪ ಪುಸ್ತಕ ಕಂಡರೆ ಹೆದರುವವರಿಗೆ ‘ಭಾರತ ಭಾರತಿ’ ಮಾಲೆಯ ಪುಟ್ಟ ಜೀವನಚರಿತ್ರೆಗಳು, ಅನುಪಮಾ ನಿರಂಜನರ ‘ದಿನಕ್ಕೊಂದು ಕಥೆ’. ಬೇಟೆ, ಕಾಡು ಎಂದರೆ ಕಿವಿ ನಿಮಿರಿಸುವ ಹುಡುಗರಿಗೆ ತೇಜಸ್ವಿಯವರ ‘ಕಾಡಿನ ಕಥೆಗಳು’, ‘ಪರಿಸರದ ಕಥೆ’. ಒಂಬತ್ತು, ಹತ್ತನೆಯವರಿಗೆ ಸಿದ್ದಲಿಂಗಯ್ಯನವರ ‘ಊರುಕೇರಿ’, ಎಚ್. ನರಸಿಂಹಯ್ಯನವರ ‘ಹೋರಾಟದ ಹಾದಿ’. ಜಪಾನಿನ ‘ತೊತ್ತೋ-ಚಾನ್’ ಕನ್ನಡದಲ್ಲಿದೆ. ಮನೆಯಲ್ಲಿ ಉರ್ದು, ತೆಲುಗು, ಕೊಂಕಣಿ ಆಡುವ ಮಗು ಆ ಭಾಷೆಯಲ್ಲಿ ಅಥವಾ ಇಂಗ್ಲಿಷ್‌ನಲ್ಲಿ ಓದುತ್ತೇನೆಂದರೆ ಅದಕ್ಕೂ ಜಾಗ ಕೊಡಿ. ಓದುವ ಶಕ್ತಿ ಭಾಷೆಯಿಂದ ಭಾಷೆಗೆ ಸಾಗುತ್ತದೆ.

ಶುರುಮಾಡಲು ನೂರು ಪುಸ್ತಕ ಸಾಕು. ಹೆಚ್ಚಿನ ಸರ್ಕಾರಿ ಶಾಲೆಗಳ ಬೀರುವಿನಲ್ಲಿ ಅಷ್ಟು ಪುಸ್ತಕ ಇದ್ದೇ ಇರುತ್ತದೆ. ಗ್ರಾಮ ಪಂಚಾಯಿತಿ ಗ್ರಂಥಾಲಯಗಳು 2019ರಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ಬಂದ ಮೇಲೆ, 2020ರ ನವೆಂಬರ್‌ನಲ್ಲಿ ಶುರುವಾದ ‘ಓದುವ ಬೆಳಕು’ ಕಾರ್ಯಕ್ರಮ 6ರಿಂದ 18 ವರ್ಷದ ಮಕ್ಕಳಿಗೆ ಅಲ್ಲಿ ಉಚಿತ ಸದಸ್ಯತ್ವ ಕೊಟ್ಟಿದೆ. ಹೈಸ್ಕೂಲಿನ ಒಂದು ತರಗತಿಯೇ ಸದಸ್ಯರಾಗಿ ತಿಂಗಳಿಗೊಮ್ಮೆ ಪುಸ್ತಕ ತಂದರೆ ಶಾಲೆಯ ಸಂಗ್ರಹಕ್ಕೆ ಹೊಸ ರಕ್ತ ಬರುತ್ತದೆ. ಬೆಂಗಳೂರಿನಲ್ಲಿ 2004ರಲ್ಲಿ ಹುಟ್ಟಿದ ‘ಪ್ರಥಮ್ ಬುಕ್ಸ್’ 2015ರಿಂದ ನಡೆಸುತ್ತಿರುವ ‘ಸ್ಟೋರಿವೀವರ್’ ತಾಣದಲ್ಲಿ ಕನ್ನಡ ಪುಸ್ತಕಗಳು ನಾಲ್ಕು ಹಂತಗಳಲ್ಲಿ ಉಚಿತವಾಗಿ ಸಿಗುತ್ತವೆ, ಮುದ್ರಿಸಿ ಹಂಚಲೂಬಹುದು.

ಬೀರುವಿಗೆ ಬೀಗ ಬೀಳುವುದಕ್ಕೆ ಕಾರಣ ಶಿಕ್ಷಕರ ಮನಸ್ಸಲ್ಲ, ಸ್ಟಾಕ್ ರಿಜಿಸ್ಟರಿನ ಭಯ. ಪುಸ್ತಕ ಕಳೆದರೆ ಕೈಯಿಂದ ಕಟ್ಟಬೇಕಾದೀತು ಎಂಬ ಅಂಜಿಕೆ ಸುಳ್ಳಲ್ಲ. ಕೇಂದ್ರ ಸರ್ಕಾರದ 2017ರ ಸಾಮಾನ್ಯ ಹಣಕಾಸು ನಿಯಮಗಳು ಗ್ರಂಥಾಲಯದಲ್ಲಿ ವರ್ಷಕ್ಕೆ ಓದಲು ಕೊಟ್ಟ ಪ್ರತಿ 1,000 ಪುಸ್ತಕಕ್ಕೆ ಐದು ಕಳೆದರೆ ಅದನ್ನು ಸಹಜ ನಷ್ಟವೆಂದು ಒಪ್ಪುತ್ತವೆ. ಮಕ್ಕಳ ಕೈಗೆ ಪುಸ್ತಕ ಕೊಡುವ ಶಾಲೆಗಳಿಗೆ ಇದಕ್ಕಿಂತ ಉದಾರವಾದ ರಿಯಾಯಿತಿ ಬೇಕು. ಹರಿದ, ಕಳೆದ ಪುಸ್ತಕಕ್ಕೆ ಶಿಕ್ಷಕರನ್ನು ಹೊಣೆ ಮಾಡುವುದಿಲ್ಲ ಎಂದು ಶಿಕ್ಷಣ ಇಲಾಖೆ ಸ್ಪಷ್ಟ ಆದೇಶ ಹೊರಡಿಸಿದರೆ ಖರ್ಚಿಲ್ಲದೆ ಸಾವಿರಾರು ಬೀರುಗಳು ತೆರೆದುಕೊಳ್ಳುತ್ತವೆ.

ಓದಲು ಕಷ್ಟಪಡುವವರು

ಈ ಕ್ರಮದ ಮಿತಿಯನ್ನೂ ನೇರವಾಗಿ ಹೇಳಬೇಕು. ಅಮೆರಿಕದ ರಾಷ್ಟ್ರೀಯ ಓದು ಸಮಿತಿ 2000ದಲ್ಲಿ ಕೊಟ್ಟ ವರದಿಯಲ್ಲಿ, ಮಕ್ಕಳನ್ನು ತಾವಾಗಿ ಮೌನವಾಗಿ ಓದಲು ಬಿಟ್ಟಷ್ಟರಿಂದಲೇ ಓದಿನ ಸರಾಗತೆ ಹೆಚ್ಚುತ್ತದೆ ಎನ್ನಲು ಸಾಕಷ್ಟು ಆಧಾರವಿಲ್ಲ ಎಂದಿತು. ಮಾರ್ಗದರ್ಶನದಲ್ಲಿ ಒಂದೇ ಭಾಗವನ್ನು ಮತ್ತೆ ಮತ್ತೆ ಗಟ್ಟಿಯಾಗಿ ಓದಿಸುವುದರಿಂದ ಪ್ರಯೋಜನವಿದೆ ಎಂದಿತು. ನ್ಯೂಯಾರ್ಕ್ ನಗರದ ಶಾಲೆಗಳು 2003ರಿಂದ ಶಿಕ್ಷಣತಜ್ಞೆ ಲೂಸಿ ಕಾಲ್ಕಿನ್ಸ್ ಅವರ ಕಮ್ಮಟ ಮಾದರಿಯನ್ನು ದೊಡ್ಡ ಪ್ರಮಾಣದಲ್ಲಿ ಬಳಸಿದವು. ಚಿಕ್ಕ ಮಕ್ಕಳಿಗೆ ಅಕ್ಷರ ಮತ್ತು ಧ್ವನಿಯ ಸಂಬಂಧವನ್ನು ಕ್ರಮವಾಗಿ ಕಲಿಸದೆ ಊಹಿಸಿ ಓದಲು ಬಿಟ್ಟಿದ್ದೇ ಅದರ ದೊಡ್ಡ ಕೊರತೆ ಎಂಬ ಟೀಕೆ ಬೆಳೆಯಿತು. 2023ರಲ್ಲಿ ನಗರ ಬೇರೆ ಪಠ್ಯಕ್ರಮಕ್ಕೆ ತಿರುಗಿತು.

ಈ ಪಾಠ ನಮಗೂ ಬೇಕು. ಎಂಟನೇ ತರಗತಿಗೆ ಬಂದರೂ ಒತ್ತಕ್ಷರದ ಮುಂದೆ ನಿಲ್ಲುವ ಮಗುವಿನ ಕೈಗೆ ಕಾದಂಬರಿ ಕೊಟ್ಟು ‘ನಿನ್ನಿಷ್ಟ, ಓದು’ ಎಂದರೆ ಅದು ಸ್ವಾತಂತ್ರ್ಯವಲ್ಲ, ಕೈಬಿಟ್ಟಂತೆ. ಆ ಮಗುವಿಗೆ ಪಕ್ಕ ಕೂತು ಆಡುವ ಮಾತಿನ ಹೊತ್ತನ್ನು ಓದು ಕಲಿಸಲು ಬಳಸಿ. ಇಷ್ಟವಾದ ಒಂದು ಪ್ಯಾರಾವನ್ನು ನೀವು ಓದಿ, ಆಮೇಲೆ ಜೊತೆಯಲ್ಲಿ ಓದಿ, ಆಮೇಲೆ ಅದೊಂದೇ ಓದಲಿ. ಮೂರು ನಾಲ್ಕು ಸಲ ಆದ ಮೇಲೆ ಜೋಡಿ ಗೆಳೆಯನಿಗೆ ಓದಿ ಹೇಳಲಿ. ಇಂಥ ಮಕ್ಕಳನ್ನು ತಿಂಗಳಿಗೊಮ್ಮೆ ನೋಡಿದರೆ ಸಾಲದು, ಪ್ರತಿ ಪಿರಿಯಡ್‌ನಲ್ಲೂ ನೋಡಬೇಕು. ಎಲ್ಲರೂ ಬೇರೆ ಬೇರೆ ಪುಸ್ತಕ ಹಿಡಿದಿರುವ ಕೋಣೆಯಲ್ಲಿ ಒಬ್ಬನ ಕೈಯಲ್ಲಿ ತೆಳು ಪುಸ್ತಕವಿದ್ದರೆ ಯಾರೂ ನಗುವುದಿಲ್ಲ. ಕಮ್ಮಟ ಇವರಿಗೆ ಮಾಡುವ ದೊಡ್ಡ ಉಪಕಾರ ಅದು.

ಇನ್ನೊಂದು ಸಂಗತಿ ವಿಜ್ಞಾನ, ಸಮಾಜ ಶಿಕ್ಷಕರಿಗೂ ಸಂಬಂಧಿಸಿದ್ದು. 1988ರಲ್ಲಿ ಸಂಶೋಧಕರಾದ ಡಾನಾ ರೆಕ್ಟ್ ಮತ್ತು ಲಾರೆನ್ ಲೆಸ್ಲಿ ಏಳು, ಎಂಟನೇ ತರಗತಿಯ 64 ಮಕ್ಕಳಿಗೆ ಬೇಸ್‌ಬಾಲ್ ಆಟದ ವಿವರಣೆಯೊಂದನ್ನು ಓದಿಸಿದರು. ಓದುವುದರಲ್ಲಿ ಹಿಂದಿದ್ದರೂ ಆಟ ಬಲ್ಲ ಮಕ್ಕಳು, ಚೆನ್ನಾಗಿ ಓದುವ ಆದರೆ ಆಟ ತಿಳಿಯದ ಮಕ್ಕಳಿಗಿಂತ ಹೆಚ್ಚು ಅರ್ಥಮಾಡಿಕೊಂಡರು. ವಿಷಯದ ತಿಳಿವಳಿಕೆ ಓದಿನ ಅರ್ಧ ಬಲ. ಆದ್ದರಿಂದ ಕಥೆಗಳಷ್ಟೇ ಸಾಲದು, ಹಕ್ಕಿ, ಗ್ರಹ, ಕ್ರಿಕೆಟ್, ಕೃಷಿ, ಇತಿಹಾಸದ ಪುಸ್ತಕಗಳೂ ಆ ನೂರರಲ್ಲಿರಬೇಕು. ಒಂದೇ ವಿಷಯದ ಮೇಲೆ ಮೂರು ಪುಸ್ತಕ ಓದುವ ಮಗುವನ್ನು ತಡೆಯಬಾರದು.

ಪೋರ್ಷನ್ ಮುಗಿಯಬೇಡವೇ?

ಪ್ರತಿಯೊಬ್ಬ ಶಿಕ್ಷಕರೂ ಕೇಳುವ ಪ್ರಶ್ನೆ ಇದು, ನ್ಯಾಯವಾದ ಪ್ರಶ್ನೆ. ಹತ್ತನೇ ತರಗತಿಯಲ್ಲಿ ಪಾಸಿಂಗ್ ಪ್ಯಾಕೇಜ್, ಫಲಿತಾಂಶದ ಶೇಕಡಾವಾರು, ಮೇಲಧಿಕಾರಿಗಳ ಸಭೆ ಎಲ್ಲವೂ ತಲೆಯ ಮೇಲಿರುತ್ತವೆ. ಅದಕ್ಕಾಗಿಯೇ ಇದನ್ನು ಹತ್ತರಲ್ಲಲ್ಲ, ಆರರಲ್ಲಿ ಶುರುಮಾಡಬೇಕು. ಆರು, ಏಳು, ಎಂಟರಲ್ಲಿ ವಾರದ ಕನ್ನಡ ಪಿರಿಯಡ್‌ಗಳಲ್ಲಿ ಎರಡನ್ನು ಓದಿಗೆ ಬಿಟ್ಟರೆ, ಒಂದು ಪಾಠ ಓದಿಸಲು ಈಗ ಹಿಡಿಯುವ ಸಮಯ ಒಂಬತ್ತರ ಹೊತ್ತಿಗೆ ತಾನೇ ಕಡಿಮೆಯಾಗುತ್ತದೆ. ಗದ್ಯಭಾಗ ಓದಿ ಉತ್ತರಿಸುವುದು, ಪ್ರಬಂಧ, ಪತ್ರ, ಇವಕ್ಕೆಲ್ಲ ಗೈಡ್ ಇಲ್ಲ, ಓದಿದ್ದೇ ಗೈಡ್. ಓದಿನ ಸಂಶೋಧಕ ಕೀತ್ ಸ್ಟಾನೋವಿಚ್ 1986ರಲ್ಲಿ ವಿವರಿಸಿದಂತೆ, ಓದುವವರು ಓದಿದಷ್ಟೂ ಪದಸಂಪತ್ತು ಬೆಳೆದು ಮುಂದೆ ಮುಂದೆ ಹೋಗುತ್ತಾರೆ, ಓದದವರು ಹಿಂದೆ ಹಿಂದೆ ಉಳಿಯುತ್ತಾರೆ. ಅಂತರ ವರ್ಷವರ್ಷ ಹಿಗ್ಗುತ್ತದೆ. ಅದನ್ನು ಹತ್ತನೇ ತರಗತಿಯ ಫೆಬ್ರುವರಿಯಲ್ಲಿ ಮುಚ್ಚಲು ಆಗುವುದಿಲ್ಲ.

ಅಂಕದ ವಿಷಯದಲ್ಲಿ ಎಚ್ಚರ ಬೇಕು. ಎಷ್ಟು ಪುಸ್ತಕ ಓದಿದೆ ಎಂಬುದಕ್ಕೆ ಅಂಕ ಕೊಟ್ಟರೆ ತೆಳು ಪುಸ್ತಕಗಳ ಪೈಪೋಟಿ ಶುರುವಾಗುತ್ತದೆ, ಸುಳ್ಳೂ ಹುಟ್ಟುತ್ತದೆ. ರೂಪಣಾತ್ಮಕ ಮೌಲ್ಯಮಾಪನಕ್ಕೆ ಏನಾದರೂ ಬೇಕೆಂದರೆ ಪತ್ರದ ಪುಸ್ತಕ, ಪುಟದ ಹಾಜರಿ, ಮಗು ಕೊಟ್ಟ ಪುಸ್ತಕ ಪರಿಚಯ, ಇಷ್ಟು ಧಾರಾಳವಾಗಿ ಸಾಕು. ಅದನ್ನು ಮೀರಿದ ಯಾವ ಪ್ರಾಜೆಕ್ಟ್ ಫೈಲೂ ಬೇಡ.

ಮಕ್ಕಳ ತಂದೆತಾಯಿಯರಲ್ಲೂ ಒಂದು ಮಾತು. ‘ಕಥೆಪುಸ್ತಕ ಬಿಟ್ಟು ಓದು’ ಎಂದು ಗದರುವುದನ್ನು ದಯವಿಟ್ಟು ನಿಲ್ಲಿಸಿ. ಕಥೆಪುಸ್ತಕ ಓದುವುದೂ ಓದೇ. ರಾತ್ರಿ ಅರ್ಧ ಗಂಟೆ ಟಿ.ವಿ., ಮೊಬೈಲ್ ಬಂದ್ ಮಾಡಿ ಆ ಮಗುವಿಗೆ ಒಂದು ಮೂಲೆ, ಒಂದು ಬೆಳಕು ಕೊಟ್ಟರೆ ನಿಮ್ಮ ಪಾಲಿನ ಕೆಲಸ ಆಯಿತು. ಅಕ್ಷರ ಬಾರದ ತಾಯಿಯೂ ‘ಏನು ಕಥೆ, ಹೇಳು’ ಎಂದು ಕೇಳಬಹುದು.

ಕನ್ನಡ ಶಿಕ್ಷಕರು, ಮುಖ್ಯ ಶಿಕ್ಷಕರು, ಎಸ್‌ಡಿಎಂಸಿ ಸದಸ್ಯರು ಮುಂದಿನ ಜೂನ್ ತಿಂಗಳಲ್ಲಿ ವೇಳಾಪಟ್ಟಿ ಹಾಕುವಾಗ ಒಂದು ತರಗತಿಗಾದರೂ ವಾರಕ್ಕೆ ಎರಡು ಪಿರಿಯಡ್ ಓದಿಗೆಂದು ಬರೆದಿಡಿ. ಬೇರೆ ಪಾಠ ಉಳಿದಿದೆ, ಕಾರ್ಯಕ್ರಮದ ತಾಲೀಮಿದೆ, ಶಿಕ್ಷಕರು ರಜೆ ಎಂಬ ಯಾವ ಕಾರಣಕ್ಕೂ ಅದನ್ನು ಬಿಟ್ಟುಕೊಡಬೇಡಿ. ಒಂದು ವರ್ಷ ನಡೆಸಿ, ವರ್ಷದ ಕೊನೆಗೆ ಪುಟದ ಹಾಜರಿಯನ್ನೂ ಪತ್ರದ ಪುಸ್ತಕಗಳನ್ನೂ ಮುಂದಿಟ್ಟುಕೊಂಡು ನೀವೇ ತೀರ್ಮಾನಿಸಿ. ಕನ್ನಡ ಉಳಿಯಬೇಕು ಎಂದು ವೇದಿಕೆಗಳಲ್ಲಿ ಹೇಳುವ ನಾವು ಅದನ್ನು ಓದುವ ಮಕ್ಕಳನ್ನು ತಯಾರು ಮಾಡದಿದ್ದರೆ ಆ ಮಾತಿಗೆ ಅರ್ಥವಿಲ್ಲ. ಓದುಗರು ತಾವಾಗಿ ಹುಟ್ಟುವುದಿಲ್ಲ. ಅವರಿಗೆ ಸಮಯ, ಪುಸ್ತಕ ಮತ್ತು ಪಕ್ಕ ಕೂರುವ ಒಬ್ಬ ಶಿಕ್ಷಕರು ಬೇಕು. ಈ ಮೂರನ್ನೂ ಕೊಡುವ ಶಕ್ತಿ ನಮ್ಮ ಶಾಲೆಗಳಿಗೆ ಇಂದೇ ಇದೆ.